ಮೋಲ್ ಲೆಕ್ಕ ತಪ್ಪದಂತೆ ಮಾಡುವುದು ಹೇಗೆ: ಚಿಪ್ಪಿ ಸುಣ್ಣದಿಂದ ಬ್ಯುರೆಟ್ ತನಕ

ಮೊದಲ ಪಿಯುಸಿಯ ಮೋಲ್ ಲೆಕ್ಕದಲ್ಲಿ ಮಕ್ಕಳು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಗುಣಾಕಾರ, ಭಾಗಾಕಾರ ಎಲ್ಲರಿಗೂ ಬರುತ್ತದೆ. ಆದರೆ ಒಂದು ವಸ್ತುವಿನ ಗ್ರಾಂನಿಂದ ಇನ್ನೊಂದು ವಸ್ತುವಿನ ಗ್ರಾಂಗೆ ನೇರವಾಗಿ ಹಾರಲು ಹೋಗಿ ಬೀಳುತ್ತಾರೆ.

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಇರುತ್ತದಲ್ಲ, ಮೋಲ್ (ಡಜನ್‌ನಂತೆ, ಕಣಗಳನ್ನು ಎಣಿಸುವ ಒಂದು ಅಳತೆ) ಅಂಥದ್ದೊಂದು ಸಂಕ. ಈಚೆ ದಡದಲ್ಲಿ ಕೊಟ್ಟ ವಸ್ತುವಿನ ಗ್ರಾಂ, ಲೀಟರ್. ಆಚೆ ದಡದಲ್ಲಿ ಕೇಳಿದ ವಸ್ತುವಿನ ಗ್ರಾಂ, ಲೀಟರ್. ದಾಟುವ ಜಾಗ ಒಂದೇ. ಮೊದಲು ಮೋಲ್‌ಗೆ ಬನ್ನಿ, ಮೋಲ್‌ನಲ್ಲೇ ದಾಟಿ, ಆಮೇಲೆ ಬೇಕಾದ ಅಳತೆಗೆ ಇಳಿಯಿರಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಒಂದನ್ನು ಬಿಟ್ಟು ಮುಂದೆ ಹೋದರೆ ಆ ತಪ್ಪು ಕೊನೆಯ ಸಾಲಿನ ತನಕ ಜೊತೆಗೇ ಬರುತ್ತದೆ.

ಕೈಗೆ ಬೇಕಾದದ್ದು

ಲೆಕ್ಕಕ್ಕೆ: ಪರಮಾಣು ತೂಕಗಳನ್ನು ಎರಡು ದಶಮಾಂಶದ ತನಕ ಕೊಡುವ ಆವರ್ತಕ ಕೋಷ್ಟಕ, ಬ್ರಾಕೆಟ್ ಹಾಕಲು ಬರುವ ಕ್ಯಾಲ್ಕುಲೇಟರ್, ಗೆರೆ ಹಾಕಿದ ನೋಟ್‌ಬುಕ್.

ದ್ರಾವಣಕ್ಕೆ: 0.01 ಗ್ರಾಂ ತೋರಿಸುವ ತಕ್ಕಡಿ, 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕ್, 10 ಮಿ.ಲೀ. ಪಿಪೆಟ್ ಮತ್ತು ಅದರ ರಬ್ಬರ್ ಬಲ್ಬ್, 50 ಮಿ.ಲೀ. ಬ್ಯುರೆಟ್ (ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ), ಲಾಳಿಕೆ, ಬೀಕರ್, ಭಟ್ಟಿ ಇಳಿಸಿದ ನೀರು. ಬಾವಿ ನೀರು ಬೇಡ. ಕರಾವಳಿಯ ಬಾವಿಗಳಲ್ಲಿ ಉಪ್ಪಿನಂಶ ಇರುವುದುಂಟು, ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಹಂತ 1: ಕೊಟ್ಟದ್ದು, ಕೇಳಿದ್ದು ಬೇರೆ ಬೇರೆ ಬರೆಯಿರಿ

ಸಂಖ್ಯೆ, ಅಳತೆ, ವಸ್ತುವಿನ ಹೆಸರು ಮೂರೂ ಒಟ್ಟಿಗೆ ಇರಬೇಕು. ಬರೀ "9.49 ಮೋಲ್" ಎಂದು ಬರೆದರೆ ನಾಲ್ಕು ಸಾಲು ಕಳೆಯುವಷ್ಟರಲ್ಲಿ ಅದು ಸುಣ್ಣದ್ದೋ ಅನಿಲದ್ದೋ ಮರೆತಿರುತ್ತದೆ. "9.49 ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್" ಎಂದೇ ಬರೆಯಿರಿ. ಕಿಲೋ ಇದ್ದರೆ ಗ್ರಾಂಗೆ, ಮಿ.ಲೀ. ಇದ್ದರೆ ಲೀಟರ್‌ಗೆ, ಸೆಲ್ಸಿಯಸ್ ಇದ್ದರೆ ಕೆಲ್ವಿನ್‌ಗೆ ಇಲ್ಲೇ ಬದಲಿಸಿಬಿಡಿ.

ಹಂತ 2: ಸಮೀಕರಣ ಸರಿದೂಗಿಸಿ

ಅಘನಾಶಿನಿ ಅಳಿವೆಯ ಚಿಪ್ಪಿಯನ್ನು ಸುಟ್ಟು ಸುಣ್ಣ ಮಾಡುವ ಕ್ರಿಯೆ ಹೀಗೆ:

1 ಕ್ಯಾಲ್ಸಿಯಂ ಕಾರ್ಬೊನೇಟ್ → 1 ಕ್ಯಾಲ್ಸಿಯಂ ಆಕ್ಸೈಡ್ + 1 ಕಾರ್ಬನ್ ಡೈಆಕ್ಸೈಡ್

ಇದು ತಾನಾಗಿಯೇ ಸರಿದೂಗಿದೆ. ಎಲ್ಲ ಕಡೆ 1 ಇದ್ದರೂ ಬರೆಯಿರಿ. ಬರೆಯುವ ರೂಢಿ ಇಲ್ಲದವರು 2 ಇರುವ ಕಡೆಯೂ ಮರೆಯುತ್ತಾರೆ.

ಅದೇ ಸುಣ್ಣದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಒಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ಗೆ ಎರಡು ಆಮ್ಲ ಬೇಕು. ಒಂದು ಕ್ಯಾಲ್ಸಿಯಂ ಕ್ಲೋರೈಡ್, ಎರಡು ನೀರು ಬರುತ್ತದೆ. ಸರಿದೂಗಿಸುವಾಗ ವಸ್ತುವಿನ ಹಿಂದಿನ ಸಂಖ್ಯೆಯನ್ನು ಮಾತ್ರ ಬದಲಿಸಬೇಕು. ಸೂತ್ರದ ಒಳಗಿನ ಸಣ್ಣ ಸಂಖ್ಯೆ ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ.

ಹಂತ 3: ಮೋಲಾರ್ ದ್ರವ್ಯರಾಶಿ, ಹರಳಿನ ನೀರಿನ ಸಮೇತ

ಕ್ಯಾಲ್ಸಿಯಂ 40.08, ಕಾರ್ಬನ್ 12.01, ಮೂರು ಆಕ್ಸಿಜನ್ 48.00. ಒಟ್ಟು 100.09. ಅಂದರೆ 1 ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ 100.09 ಗ್ರಾಂ ತೂಗುತ್ತದೆ.

ಇಷ್ಟು ಸುಲಭ. ತಪ್ಪಾಗುವುದು ಹರಳುಗಳಲ್ಲಿ. ಅಡಿಕೆ ತೋಟದ ಕೊಳೆರೋಗದ ಔಷಧಿಗೆ ಬಳಸುವ ಮೈಲುತುತ್ತವನ್ನೇ ತೆಗೆದುಕೊಳ್ಳಿ. ಅದರ ನೀಲಿ ಹರಳಿನಲ್ಲಿ ಪ್ರತಿ ಕಾಪರ್ ಸಲ್ಫೇಟ್‌ಗೆ ಐದು ನೀರಿನ ಅಣು ಕೂತಿವೆ. ಒಣ ಕಾಪರ್ ಸಲ್ಫೇಟ್ 159.61, ಐದು ನೀರು 90.08, ಒಟ್ಟು 249.69. ತಕ್ಕಡಿಗೆ ಹಾಕುವುದು ಹರಳನ್ನು, ಹಾಗಾಗಿ ಭಾಗಿಸಬೇಕಾದದ್ದು 249.69ರಿಂದ.

1 ಕಿಲೋ ಹರಳು = 1000 ÷ 249.69 = 4.005 ಮೋಲ್. ನೀರು ಮರೆತು 159.61ರಿಂದ ಭಾಗಿಸಿದರೆ 6.27 ಮೋಲ್ ಬರುತ್ತದೆ, ನಿಜಕ್ಕಿಂತ ಅರ್ಧಪಾಲಿಗೂ ಮೀರಿ ಹೆಚ್ಚು. ನೀಲಿ ಬಣ್ಣ ಕಂಡರೆ ನೀರು ಒಳಗಿದೆ ಎಂದು ತಿಳಿಯಿರಿ. ಕಾಯಿಸಿ ನೀರು ಹೋದರೆ ಅದು ಬಿಳಿ ಪುಡಿಯಾಗುತ್ತದೆ. ಬಾಟಲಿಯ ಚೀಟಿಯಲ್ಲಿ ಹರಳಿನ ನೀರು ಎಷ್ಟು ಎಂದು ಓದದೆ ತೂಗಲೇಬೇಡಿ.

ಹಂತ 4: ಕೊಟ್ಟದ್ದನ್ನು ಮೋಲ್‌ಗೆ ತನ್ನಿ

ಸಂಕಕ್ಕೆ ಬರುವ ದಾರಿ ಮೂರು.

*ತೂಕ ಕೊಟ್ಟಿದ್ದರೆ:* ಗ್ರಾಂ ÷ ಮೋಲಾರ್ ದ್ರವ್ಯರಾಶಿ. 1 ಕಿಲೋ ಚಿಪ್ಪಿ ಇದೆ, ಅದರಲ್ಲಿ ಶೇ. 95 ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಪ್ರಶ್ನೆ ಹೇಳುತ್ತದೆ ಅನ್ನಿ. ಮೊದಲು ಶುದ್ಧ ಭಾಗ ಬೇರ್ಪಡಿಸಿ: 950 ಗ್ರಾಂ. ಆಮೇಲೆ 950 ÷ 100.09 = 9.49 ಮೋಲ್. ಉಳಿದ 50 ಗ್ರಾಂ ಮರಳು, ಕೆಸರು; ಅದು ಕ್ರಿಯೆಗೆ ಬರುವುದಿಲ್ಲ.

ಇಲ್ಲೊಂದು ಕ್ಯಾಲ್ಕುಲೇಟರ್ ತಪ್ಪು ಬಹಳ ನಡೆಯುತ್ತದೆ. 950 ÷ 40.08 + 12.01 + 48 ಎಂದು ಬ್ರಾಕೆಟ್ ಇಲ್ಲದೆ ಒತ್ತಿದರೆ 83.7 ಬರುತ್ತದೆ. ಯಂತ್ರ 950ನ್ನು ಕ್ಯಾಲ್ಸಿಯಂನಿಂದ ಮಾತ್ರ ಭಾಗಿಸಿ ಉಳಿದದ್ದನ್ನು ಕೂಡಿರುತ್ತದೆ. ಒಂದು ಕಿಲೋದೊಳಗೆ ನೂರು ಗ್ರಾಂನ ಮೋಲ್ ಹತ್ತಕ್ಕಿಂತ ಹೆಚ್ಚು ಹೇಗೆ ಹಿಡಿದೀತು? ಮನಸ್ಸಿನಲ್ಲಿ ಒಮ್ಮೆ ಹೀಗೆ ಅಂದಾಜು ಮಾಡಿ, ಆಮೇಲೆ ಉತ್ತರ ಬರೆಯಿರಿ.

*ಅನಿಲದ ಗಾತ್ರ ಕೊಟ್ಟಿದ್ದರೆ:* ಉಷ್ಣತೆ, ಒತ್ತಡ ನೋಡದೆ 22.4ರಿಂದ ಭಾಗಿಸಬೇಡಿ. 22.4 ಲೀಟರ್ ಎಂಬುದು 0 ಡಿಗ್ರಿ ಸೆಲ್ಸಿಯಸ್, 1 ವಾಯುಮಂಡಲ ಒತ್ತಡದ ಸಂಖ್ಯೆ. ಒತ್ತಡ 1 ಬಾರ್ ಎಂದಿದ್ದರೆ 22.7. ಈಗಿನ ಪಠ್ಯಗಳು 1 ಬಾರ್ ಹಿಡಿಯುತ್ತವೆ, ಹಳೆಯ ಗೈಡ್‌ಗಳಲ್ಲಿ 22.4 ಉಳಿದಿದೆ, ಗೊಂದಲ ಅಲ್ಲಿಂದಲೇ. ಇನ್ನು ಕಾರವಾರದ ಪ್ರಯೋಗಶಾಲೆಯಲ್ಲಿ 30 ಡಿಗ್ರಿ ಸೆಕೆಯಲ್ಲಿ ಅಳೆದ ಅನಿಲಕ್ಕೆ ಇವೆರಡೂ ಹೊಂದುವುದಿಲ್ಲ. 1 ವಾಯುಮಂಡಲದಲ್ಲಿ ಅನಿಲ ಸ್ಥಿರಾಂಕ 0.08206ನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ: 0.08206 × 303.15 = 24.9, ಒಂದು ಮೋಲ್ ಅಲ್ಲಿ 24.9 ಲೀಟರ್ ಜಾಗ ಹಿಡಿಯುತ್ತದೆ. ನೀರು, ಆಮ್ಲದಂಥ ದ್ರವಗಳಿಗೆ ಈ ಸಂಖ್ಯೆಗಳಲ್ಲಿ ಯಾವುದೂ ಸಲ್ಲದು.

*ದ್ರಾವಣ ಕೊಟ್ಟಿದ್ದರೆ:* ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್) × ಲೀಟರ್. 0.05 ಮೋಲಾರ್ ದ್ರಾವಣ 10 ಮಿ.ಲೀ. ಇದ್ದರೆ 0.05 × 0.010 = 0.0005 ಮೋಲ್. ಮಿ.ಲೀ. ಹಾಗೇ ಇಟ್ಟು ಗುಣಿಸಿದರೆ ಬರುವುದು ಮಿಲಿಮೋಲ್. ಅದೂ ಸರಿಯೇ, ಆದರೆ ಹಾಗೆಂದು ಪಕ್ಕದಲ್ಲಿ ಬರೆದಿರಬೇಕು.

ಹಂತ 5: ಸಂಕ ದಾಟಿ

ಸಮೀಕರಣದ ಸಂಖ್ಯೆಗಳು ಇಲ್ಲಿ ಮಾತ್ರ ಕೆಲಸಕ್ಕೆ ಬರುತ್ತವೆ. ಕೇಳಿದ ವಸ್ತುವಿನ ಸಂಖ್ಯೆ ಮೇಲೆ, ಕೊಟ್ಟ ವಸ್ತುವಿನ ಸಂಖ್ಯೆ ಕೆಳಗೆ ಇಟ್ಟು ಗುಣಿಸಿ. ಚಿಪ್ಪಿಯಲ್ಲಿ 1ಕ್ಕೆ 1, ಹಾಗಾಗಿ 9.49 ಮೋಲ್ ಕಾರ್ಬೊನೇಟ್‌ನಿಂದ 9.49 ಮೋಲ್ ಆಕ್ಸೈಡ್.

ಈ ಸಂಖ್ಯೆಗಳನ್ನು ಗ್ರಾಂಗೆ ಹಚ್ಚಬಾರದು. "1 ಗ್ರಾಂ ಕಾರ್ಬೊನೇಟ್‌ಗೆ 1 ಗ್ರಾಂ ಸುಣ್ಣ" ಎಂದು ಓದಿದ ಕೂಡಲೇ ಲೆಕ್ಕ ಹಾಳಾಯಿತು.

ಹಂತ 6: ಎರಡು ವಸ್ತು ಕೊಟ್ಟಿದ್ದರೆ, ಮೊದಲು ಮುಗಿಯುವುದು ಯಾವುದು?

ಇದನ್ನು ಲಿಮಿಟಿಂಗ್ ರಿಏಜೆಂಟ್ ಎನ್ನುತ್ತಾರೆ. ಕವಳದ ತಟ್ಟೆ ಮುಂದಿಟ್ಟುಕೊಂಡರೆ ಬೇಗ ಹತ್ತುತ್ತದೆ. ಒಂದು ಕವಳಕ್ಕೆ ಎರಡು ಎಲೆ, ಒಂದು ಅಡಿಕೆ ಎಂದಿಟ್ಟುಕೊಳ್ಳಿ. ತಟ್ಟೆಯಲ್ಲಿ 20 ಎಲೆ, 12 ಅಡಿಕೆ ಇವೆ. ಎಣಿಕೆಯಲ್ಲಿ ಎಲೆಯೇ ಹೆಚ್ಚು. ಆದರೂ ಎಲೆಯಿಂದ 10 ಕವಳ, ಅಡಿಕೆಯಿಂದ 12 ಕವಳ ಆಗುತ್ತದೆ. ಮೊದಲು ಮುಗಿಯುವುದು ಎಲೆ. ಕಟ್ಟಬಹುದಾದ ಕವಳ 10, ಉಳಿಯುವ ಅಡಿಕೆ 2.

ರಸಾಯನದಲ್ಲೂ ಹೀಗೇ. ಪ್ರತಿ ವಸ್ತುವಿನ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಹಿಂದಿರುವ ಸಂಖ್ಯೆಯಿಂದ ಭಾಗಿಸಿ. ಯಾವುದು ಚಿಕ್ಕದೋ ಅದೇ ಮೊದಲು ಮುಗಿಯುತ್ತದೆ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಈಗ ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ ನೋಡಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸರಳಗೊಳಿಸಿದ ಸಮೀಕರಣ ಹೀಗೆ:

1 ಕಾಪರ್ ಸಲ್ಫೇಟ್ + 1 ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → 1 ಕಾಪರ್ ಹೈಡ್ರಾಕ್ಸೈಡ್ + 1 ಕ್ಯಾಲ್ಸಿಯಂ ಸಲ್ಫೇಟ್

ಮೈಲುತುತ್ತ 4.005 ಮೋಲ್. ಸುಣ್ಣ ಪೂರ್ತಿ ಶುದ್ಧ ಸುಟ್ಟ ಸುಣ್ಣವಾಗಿದ್ದರೆ (ಕ್ಯಾಲ್ಸಿಯಂ ಆಕ್ಸೈಡ್) 1000 ÷ 56.08 = 17.8 ಮೋಲ್; ನೀರಿಗೆ ಹಾಕಿದಾಗ ಅದರ 1 ಮೋಲ್ 1 ಮೋಲ್ ಹೈಡ್ರಾಕ್ಸೈಡ್ ಆಗುತ್ತದೆ. ಮೊದಲು ಮುಗಿಯುವುದು ಮೈಲುತುತ್ತ. ಅದಕ್ಕೆ ಲೆಕ್ಕದ ಪ್ರಕಾರ ಸಾಕಾಗುವ ಸುಟ್ಟ ಸುಣ್ಣ 4.005 × 56.08 = 225 ಗ್ರಾಂ ಮಾತ್ರ.

ಹಾಗಾದರೆ 1 ಕಿಲೋ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪೇಟೆಯ ಸುಣ್ಣ ಶುದ್ಧವಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಯಿ ಬಿಚ್ಚಿಟ್ಟ ಸುಣ್ಣದ ಚೀಲ ಮಳೆಗಾಲದ ಗಾಳಿಯಲ್ಲಿ ನೀರಿನ ಆವಿ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಚಿಪ್ಪಿಯ ಕಾರ್ಬೊನೇಟ್‌ಗೇ ತಿರುಗುತ್ತದೆ. 1 ಕಿಲೋ ಸುಟ್ಟ ಸುಣ್ಣ ಪೂರ್ತಿ ಹಾಗಾದರೆ 1.78 ಕಿಲೋ ತೂಗುತ್ತದೆ. ತೂಕ ಏರಿತು, ಕಸುವು ಹೋಯಿತು. ಸುಣ್ಣ ಕಡಿಮೆಯಾಗಿ ತಾಮ್ರ ಕರಗಿದ ರೂಪದಲ್ಲೇ ಉಳಿದರೆ ಎಳೆ ಗೊನೆ, ಎಲೆ ಸುಡುತ್ತದೆ. ಆದ್ದರಿಂದ ಸುಣ್ಣವನ್ನು ಬೇಕೆಂದೇ ಮಿಗಿಸಿ ಹಾಕುತ್ತಾರೆ. ಕಾಗದದ ಮೇಲೆ 225 ಗ್ರಾಂ ಬಂತೆಂದು ತೋಟದ ಅಳತೆ ಬದಲಿಸಬೇಡಿ.

ಎಚ್ಚರಿಕೆಯ ಗುರುತು ತೋಟದಲ್ಲೇ ಇದೆ. ತಯಾರಾದ ದ್ರಾವಣದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಕತ್ತಿಯ ತುದಿ ಅದ್ದಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಅಲಗು ಇದ್ದ ಹಾಗೇ ಇದ್ದರೆ ಸರಿ. ಅಂಚಿನಿಂದ ಶುರುವಾಗಿ ಕೆಂಗಂದು ಪೊರೆ ಹತ್ತಿದ್ದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ: ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಹಾಕಿದೆ. ಅಂದರೆ ಮೊದಲು ಮುಗಿದದ್ದು ಸುಣ್ಣ. ಪೊರೆ ಹತ್ತದಿರುವ ತನಕ ಸುಣ್ಣದ ನೀರು ಸೇರಿಸಬೇಕು. ಇದೇ ಕಾರಣಕ್ಕೆ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು, ಉಲ್ಟಾ ಅಲ್ಲ.

ಹಂತ 7: ಆಚೆ ದಡಕ್ಕೆ ಇಳಿಯಿರಿ, ತಾಳೆ ನೋಡಿ

9.49 ಮೋಲ್ ಕ್ಯಾಲ್ಸಿಯಂ ಆಕ್ಸೈಡ್ × 56.08 = 532 ಗ್ರಾಂ. ಕಾರ್ಬನ್ ಡೈಆಕ್ಸೈಡ್ 9.49 × 44.01 = 418 ಗ್ರಾಂ. ಎರಡೂ ಸೇರಿ 950. ಹಾಕಿದ್ದೂ 950. ಈ ತಾಳೆ ಹೊಂದದಿದ್ದರೆ ಹಂತ 2 ಅಥವಾ 3ರಲ್ಲಿ ತಪ್ಪಿದೆ, ಅಲ್ಲಿಗೇ ಹಿಂತಿರುಗಿ. ಮುಂದೆ ತಿದ್ದುತ್ತ ಕೂರಬೇಡಿ.

ಗೂಡಿನಿಂದ ನಿಜವಾಗಿ 480 ಗ್ರಾಂ ಆಕ್ಸೈಡ್ ಸಿಕ್ಕಿದ್ದರೆ ಇಳುವರಿ 480 ÷ 532 × 100 = ಶೇ. 90. ಶುದ್ಧತೆಯ ಶೇಕಡಾ ಲೆಕ್ಕದ ಆರಂಭದಲ್ಲಿ ಬರುತ್ತದೆ, ಇಳುವರಿಯ ಶೇಕಡಾ ಕೊನೆಯಲ್ಲಿ. ಎರಡನ್ನೂ ಒಂದೇ ಕಡೆ ಹಾಕಿ ಗುಣಿಸುವವರು ಬಹಳ. ಇಳುವರಿ 100 ದಾಟಿದರೆ ವಸ್ತು ಒದ್ದೆಯಾಗಿದೆ, ಅಶುದ್ಧವಾಗಿದೆ ಅಥವಾ ಲೆಕ್ಕ ತಪ್ಪಿದೆ.

ದಶಮಾಂಶ ಕಡಿಮೆ ಮಾಡಿ ಸುತ್ತಂಕೆ (ರೌಂಡಿಂಗ್) ಮಾಡುವುದು ಇಲ್ಲಿ, ಒಮ್ಮೆ ಮಾತ್ರ. ನಡುವೆ 9.49ನ್ನು 9.5 ಮಾಡಿದರೆ ಸುಣ್ಣ 533 ಆಗುತ್ತದೆ. ಉದ್ದ ಲೆಕ್ಕದಲ್ಲಿ ಇಂಥದ್ದು ಸೇರುತ್ತ ಹೋಗುತ್ತದೆ.

ಹಂತ 8: ದ್ರಾವಣ ತಯಾರಿಸುವುದು

ಮೋಲಾರಿಟಿ ಎಂದರೆ ಒಂದು ಲೀಟರ್ *ದ್ರಾವಣದಲ್ಲಿ* ಎಷ್ಟು ಮೋಲ್ ಎಂದು. ಒಂದು ಲೀಟರ್ ನೀರು ಅಳೆದು ಅದಕ್ಕೆ ಹಾಕುವುದಲ್ಲ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿ.ಲೀ. ಬೇಕು ಎನ್ನಿ. 0.05 × 0.250 = 0.0125 ಮೋಲ್. ಹರಳಿನಲ್ಲಿ ಎರಡು ನೀರು ಇರುವುದರಿಂದ ಮೋಲಾರ್ ದ್ರವ್ಯರಾಶಿ 126.07. ತೂಗಬೇಕಾದದ್ದು 1.58 ಗ್ರಾಂ.

ಬೀಕರಿನಲ್ಲಿ ಸುಮಾರು 100 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗಿಸಿ. ಲಾಳಿಕೆಯಿಂದ ಫ್ಲಾಸ್ಕಿಗೆ ಇಳಿಸಿ. ಬೀಕರ್, ಗಾಜಿನ ಕಡ್ಡಿ, ಲಾಳಿಕೆಯನ್ನು ಮೂರು ಸಲ ಸ್ವಲ್ಪ ಸ್ವಲ್ಪ ನೀರಿನಿಂದ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಹಾಕಿ. ಕುತ್ತಿಗೆಯ ಗೆರೆಗೆ ಒಂದು ಸೆಂ.ಮೀ. ಇರುವಾಗ ನಿಲ್ಲಿಸಿ ತೊಟ್ಟು ತೊಟ್ಟಾಗಿ ತುಂಬಿ. ಕಣ್ಣು ಗೆರೆಯ ಮಟ್ಟದಲ್ಲೇ ಇರಲಿ. ನೀರಿನ ಮೇಲ್ಮೈಯ ತಗ್ಗು ಗೆರೆಯನ್ನು ಮುಟ್ಟಬೇಕು. ಗೆರೆ ಮೀರಿದರೆ ಹೀರಿ ತೆಗೆದು ಸರಿಮಾಡಲು ಬರುವುದಿಲ್ಲ, ಚೆಲ್ಲಿ ಮತ್ತೆ ಶುರುಮಾಡಿ. ಕೊನೆಗೆ ಮುಚ್ಚಳ ಹಾಕಿ ಹತ್ತಿಪ್ಪತ್ತು ಸಲ ಬುಡಮೇಲು ಮಾಡಿ.

ಮೋಲಾಲಿಟಿ ಬೇರೆ: ಒಂದು ಕಿಲೋ *ನೀರಿಗೆ* ಎಷ್ಟು ಮೋಲ್. ಗೋಕರ್ಣದ ಬಳಿ ಸಾಣಿಕಟ್ಟಾ ಆಗರಗಳಲ್ಲಿ ಉಪ್ಪು ಹರಳುಗಟ್ಟುವ ಹೊತ್ತಿನ ನೀರನ್ನು ಶುದ್ಧ ಉಪ್ಪಿನದೆಂದೇ ಎಣಿಸೋಣ. 100 ಗ್ರಾಂ ನೀರಿಗೆ 36 ಗ್ರಾಂ ಉಪ್ಪು, ಸಾಂದ್ರತೆ ಮಿ.ಲೀ.ಗೆ 1.2 ಗ್ರಾಂ. ಮೋಲಾಲಿಟಿ 360 ÷ 58.44 = 6.16. ಆ 1360 ಗ್ರಾಂ ದ್ರಾವಣದ ಗಾತ್ರ 1360 ÷ 1.2 = 1133 ಮಿ.ಲೀ. ಹಾಗಾಗಿ ಮೋಲಾರಿಟಿ 6.16 ÷ 1.133 = 5.4. ತೆಳು ದ್ರಾವಣದಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ, ಗಟ್ಟಿ ಉಪ್ಪುನೀರಿನಲ್ಲಿ ಹೀಗೆ ದೂರ ಸರಿಯುತ್ತವೆ. ಸಾಂದ್ರತೆ ಕೊಡದೆ ಒಂದನ್ನು ಇನ್ನೊಂದಕ್ಕೆ ಬದಲಿಸಲು ಆಗದು.

ಹಂತ 9: ತೆಳು ಮಾಡುವುದು

ನೀರು ಸೇರಿಸಿದಾಗ ಮೋಲ್ ಬದಲಾಗುವುದಿಲ್ಲ. ಹಳೆಯ ಮೋಲಾರಿಟಿ × ಹಳೆಯ ಗಾತ್ರ = ಹೊಸ ಮೋಲಾರಿಟಿ × ಹೊಸ ಗಾತ್ರ. ಹೊಸ ಗಾತ್ರ ಎಂದರೆ ಒಟ್ಟು ಗಾತ್ರ, ಸೇರಿಸಿದ ನೀರಲ್ಲ.

ಬಾಟಲಿಯಲ್ಲಿ "ಹೈಡ್ರೋಕ್ಲೋರಿಕ್ ಆಮ್ಲ, ತೂಕದಲ್ಲಿ ಶೇ. 37, ಸಾಂದ್ರತೆ 1.18" ಎಂದಿದ್ದರೆ ಒಂದು ಲೀಟರ್ 1180 ಗ್ರಾಂ, ಅದರಲ್ಲಿ ಆಮ್ಲ 437 ಗ್ರಾಂ, 36.46ರಿಂದ ಭಾಗಿಸಿದರೆ 12 ಮೋಲಾರ್. 0.1 ಮೋಲಾರ್ 500 ಮಿ.ಲೀ. ಮಾಡಲು ಬೇಕಾದದ್ದು 0.1 × 500 ÷ 12 = 4.2 ಮಿ.ಲೀ. ಫ್ಲಾಸ್ಕಿನಲ್ಲಿ ಮೊದಲು ಅರ್ಧಕ್ಕಿಂತ ಹೆಚ್ಚು ನೀರಿರಲಿ, ಆಮೇಲೆ ಆಮ್ಲವನ್ನು ನಿಧಾನ ನೀರಿಗೆ ಸೇರಿಸಿ. ಆಮ್ಲದ ಮೇಲೆ ನೀರು ಸುರಿದರೆ ಕಾವು ಏರಿ ಮುಖಕ್ಕೆ ಸಿಡಿಯಬಹುದು. ಕನ್ನಡಕ, ಕೈಗವಸು ಬಿಡಬೇಡಿ.

ಹಂತ 10: ಟೈಟ್ರೇಷನ್ ಮತ್ತು ಅದರ ಲೆಕ್ಕ

ಸಾಮರ್ಥ್ಯ ಗೊತ್ತಿರುವ ದ್ರಾವಣದ ಎದುರು ಗೊತ್ತಿಲ್ಲದ್ದನ್ನು ಅಳೆಯುವುದೇ ಟೈಟ್ರೇಷನ್. ಸೋಡಿಯಂ ಹೈಡ್ರಾಕ್ಸೈಡ್ 0.1 ಮೋಲಾರ್ 250 ಮಿ.ಲೀ. ಮಾಡಲು 1.00 ಗ್ರಾಂ ತೂಗುತ್ತೀರಿ. ಜೂನ್, ಜುಲೈನಲ್ಲಿ ಕಾರವಾರ, ಕುಮಟಾದ ಹವೆಯಲ್ಲಿ ಆ ಬಿಳಿ ಗುಳಿಗೆಗಳು ತಕ್ಕಡಿಯ ಮೇಲೇ ಬೆವರುತ್ತವೆ, ಕೆಲವೇ ನಿಮಿಷದಲ್ಲಿ ಒಂದಕ್ಕೊಂದು ಅಂಟುತ್ತವೆ. ತಕ್ಕಡಿ ತೋರಿಸುವ 1.00 ಗ್ರಾಂನಲ್ಲಿ ಒಂದಿಷ್ಟು ನೀರು ಸೇರಿರುತ್ತದೆ. ಅದಕ್ಕೇ ಇದರ ಸಾಮರ್ಥ್ಯವನ್ನು ತೂಕದಿಂದ ನಂಬದೆ, ಗಾಳಿಯಲ್ಲಿ ತೂಕ ಬದಲಿಸದ ಆಕ್ಸಾಲಿಕ್ ಆಮ್ಲದ ಎದುರು ಅಳೆಯುತ್ತಾರೆ.

ಬ್ಯುರೆಟ್ಟನ್ನು ಹೈಡ್ರಾಕ್ಸೈಡ್ ದ್ರಾವಣದಿಂದಲೇ, ಪಿಪೆಟ್ಟನ್ನು ಆಕ್ಸಾಲಿಕ್ ದ್ರಾವಣದಿಂದಲೇ ತೊಳೆಯಿರಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಭಟ್ಟಿ ನೀರಿನಿಂದ. ಅದನ್ನು ಆಮ್ಲದಿಂದ ತೊಳೆದರೆ ಲೆಕ್ಕಕ್ಕೆ ಸಿಗದ ಆಮ್ಲ ಒಳಗೆ ಉಳಿದು ಬ್ಯುರೆಟ್ ಓದು ಏರುತ್ತದೆ. ಬ್ಯುರೆಟ್ಟಿನ ನಲ್ಲಿಯ ಕೆಳಗೆ ಗಾಳಿಗುಳ್ಳೆ ಇದ್ದರೆ ಮೊದಲು ಹೊರಹಾಕಿ, ಮೇಲಿನ ಲಾಳಿಕೆ ತೆಗೆದಿಡಿ. ಆಕ್ಸಾಲಿಕ್ ಆಮ್ಲ ವಿಷ. ಪಿಪೆಟ್‌ಗೆ ಬಾಯಿ ಹಚ್ಚಬೇಡಿ.

ಪಿಪೆಟ್ಟಿನಿಂದ 10 ಮಿ.ಲೀ. ಆಕ್ಸಾಲಿಕ್ ದ್ರಾವಣವನ್ನು ಕೋನಿಕಲ್ ಫ್ಲಾಸ್ಕಿಗೆ ಬಿಟ್ಟು, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್ತಲೀನ್ ಎರಡು ತೊಟ್ಟು ಹಾಕಿ. ಬಿಳಿ ಕಾಗದದ ಮೇಲೆ ಫ್ಲಾಸ್ಕ್ ಆಡಿಸುತ್ತ ಬ್ಯುರೆಟ್ಟಿನಿಂದ ಹೈಡ್ರಾಕ್ಸೈಡ್ ಬಿಟ್ಟಾಗ ಮೊದಲು ಗುಲಾಬಿ ಬಂದು ಥಟ್ಟನೆ ಹೋಗುತ್ತದೆ. ಹೋಗಲು ತಡಮಾಡತೊಡಗಿದರೆ ತೊಟ್ಟು ತೊಟ್ಟಾಗಿ ಬಿಡಿ. ಅರ್ಧ ನಿಮಿಷ ನಿಲ್ಲುವ ತೀರ ತೆಳು ಗುಲಾಬಿಯೇ ಕೊನೆ. ಗಾಢ ಗುಲಾಬಿ ಆದರೆ ದಾಟಿಹೋಯಿತು, ಆ ಓದು ಬಿಡಿ. ತುಂಬ ಹೊತ್ತಿನ ನಂತರ ಬಣ್ಣ ಮಾಯವಾದರೆ ಮತ್ತೆ ಹಾಕಬೇಡಿ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೆಲಸ. 0.1 ಮಿ.ಲೀ. ಒಳಗೆ ಹೊಂದುವ ಓದುಗಳು ಸಿಗುವ ತನಕ ಮುಂದುವರಿಸಿ.

10.0 ಮಿ.ಲೀ. 0.05 ಮೋಲಾರ್ ಆಮ್ಲಕ್ಕೆ 10.6 ಮಿ.ಲೀ. ಹೈಡ್ರಾಕ್ಸೈಡ್ ಹಿಡಿಯಿತು ಎನ್ನಿ. ಆಮ್ಲ 0.5 ಮಿಲಿಮೋಲ್. ಸಮೀಕರಣದಲ್ಲಿ ಒಂದು ಆಕ್ಸಾಲಿಕ್ ಆಮ್ಲಕ್ಕೆ ಎರಡು ಹೈಡ್ರಾಕ್ಸೈಡ್, ಹಾಗಾಗಿ 1.0 ಮಿಲಿಮೋಲ್. 1.0 ÷ 10.6 = 0.094 ಮೋಲಾರ್. 0.1ಕ್ಕಿಂತ ಕೊಂಚ ಕಡಿಮೆ, ಗುಳಿಗೆ ಹೀರಿದ ನೀರಿಗೆ ಸರಿಯಾಗಿ. ತೆಳು ಮಾಡುವ ಹಂತ 9ರ ಸೂತ್ರವನ್ನೇ ಇಲ್ಲಿಗೂ ಹಚ್ಚಿದವರಿಗೆ 0.047 ಬರುತ್ತದೆ. ಉತ್ತರ ನಿರೀಕ್ಷೆಯ ಅರ್ಧ ಅಥವಾ ಎರಡು ಪಟ್ಟು ಬಂದರೆ ಸಂಕ ದಾಟದೆ ಹಾರಿದ್ದೀರಿ ಎಂದೇ ತಿಳಿಯಿರಿ.

ಅಳೆದ ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಗಾಜಿನ ಬಿರಡೆ ಹೈಡ್ರಾಕ್ಸೈಡ್‌ಗೆ ಕಚ್ಚಿಕೊಳ್ಳುತ್ತದೆ. ಚೀಟಿಯ ಮೇಲೆ ಹೆಸರು, 0.094 ಮೋಲಾರ್, ಅಳೆದ ದಿನಾಂಕ ಬರೆಯಿರಿ. ಕೆಲ ದಿನ ಬಿಟ್ಟು ಅದೇ ಬಾಟಲಿ ತೆಗೆದಾಗ ಬಳಸುವ ಮುಂಚೆ ಇನ್ನೊಮ್ಮೆ ಆಕ್ಸಾಲಿಕ್ ಆಮ್ಲದ ಎದುರು ಅಳೆಯಿರಿ.